ತಗ್ಗಿಸಿದ ನಿಸ್ಸಾನ್ 370ಝೆಡ್: ಹಿಂದಿನ ಟೈರ್‌ಗಳ ಒಳಅಂಚು ಸವೆದ ಪ್ರಕರಣ

ಹಿಂದಿನ ಎರಡೂ ಟೈರ್‌ಗಳ ಒಳಅಂಚು ಬೋಳು. ಎಡಗಡೆಯದರಲ್ಲಿ ತಂತಿ ಇಣುಕುತ್ತಿದೆ. ಕಾರಿನ ಪಕ್ಕ ನಿಂತು ನೋಡಿದವರಿಗೆ ಮಾತ್ರ ಟೈರ್ ಇನ್ನೂ ಒಂದು ವರ್ಷ ಓಡುವಂತೆ ಕಾಣುತ್ತದೆ. ತಗ್ಗಿಸಿದ ಸ್ಪೋರ್ಟ್ಸ್ ಕಾರುಗಳಲ್ಲಿ ಇದು ಮಾಮೂಲಿ ದೂರು. ಅದಕ್ಕೆ ಸಿಗುವ ಉತ್ತರವೂ ಮಾಮೂಲಿ: "ಕ್ಯಾಂಬರ್ ಜಾಸ್ತಿ ಸಾರ್, ಇಳಿಸಿದ ಕಾರು ಅಂದ್ರೆ ಹೀಗೇ." ಕ್ಯಾಂಬರ್ ಎಂದರೆ ಹಿಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ; ಮೇಲ್ಭಾಗ ಒಳಕ್ಕೆ ವಾಲಿದ್ದರೆ ಮೈನಸ್. ಈ ಉತ್ತರ ಅರ್ಧ ಸರಿ. ಉಳಿದ ಅರ್ಧವನ್ನು ಯಾರೂ ನೋಡದ ಕಾರಣಕ್ಕೇ ಹೊಸ ಟೈರ್‌ಗಳು ಮತ್ತೆ ಅದೇ ದಾರಿ ಹಿಡಿಯುತ್ತವೆ.

ಕಾರು ಬೆಂಗಳೂರಿನಲ್ಲಿ ಓಡುವ ನಿಸ್ಸಾನ್ 370ಝೆಡ್. ನಿಸ್ಸಾನ್ ಇದನ್ನು ಭಾರತದಲ್ಲಿ 2010ರಲ್ಲಿ ಮಾರಾಟಕ್ಕಿಟ್ಟಿತು. 3.7 ಲೀಟರ್ ವಿ6 ಎಂಜಿನ್, ಹಿಂಚಕ್ರ ಚಾಲನೆ, 19 ಇಂಚಿನ ರಿಮ್. ಮುಂದೆ 245/40, ಹಿಂದೆ 275/35 ಟೈರ್. ಕಂಪನಿಯ ಸ್ಪ್ರಿಂಗ್ ತೆಗೆದು 30 ಮಿ.ಮೀ. ತಗ್ಗಿಸುವ ಸ್ಪ್ರಿಂಗ್ ಹಾಕಲಾಗಿದೆ, ಡ್ಯಾಂಪರ್‌ಗಳು (ಶಾಕ್ ಅಬ್ಸಾರ್ಬರ್) ಮೂಲದವೇ. ಸ್ಪ್ರಿಂಗ್ ಬದಲಾದ ಮೇಲೆ ಹಾಕಿದ ಟೈರ್‌ಗಳು 9,000 ಕಿ.ಮೀ. ಓಡಿವೆ. ಇಲ್ಲಿನ ಅಳತೆಗಳು ಈ ಮಾದರಿಯನ್ನು ತಗ್ಗಿಸಿದಾಗ ಕಾಣುವ ಬಗೆಯವು; ಲೆಕ್ಕ ಹಿಂಬಾಲಿಸಲು ಸುಲಭವಾಗಲಿ ಎಂದು ಎಲ್ಲವನ್ನೂ ಒಂದೇ ಕಾರಿನ ಮೇಲೆ ಕೂಡಿಸಿ ಹೇಳಿದೆ.

ಮೊದಲು ಟೈರ್ ಓದಬೇಕು

ಕಾರನ್ನು ಚಕ್ರಗಳ ಕೋನ ಅಳೆಯುವ ಅಲೈನ್‌ಮೆಂಟ್ ಯಂತ್ರಕ್ಕೆ ಹತ್ತಿಸುವ ಮುಂಚೆ ಟೈರ್ ಕಳಚಿ ನೆಲದ ಮೇಲಿಟ್ಟು ನೋಡುವುದು ಒಳ್ಳೆಯದು. ಚಕ್ರ ಗಾಡಿಯಲ್ಲೇ ಇದ್ದರೆ ಒಳಅಂಚು ಸರಿಯಾಗಿ ಕಾಣುವುದಿಲ್ಲ. ಅಗಲ ಟೈರ್ ಹಾಕಿದ ಕಾರುಗಳಲ್ಲಂತೂ ತಂತಿ ಹೊರಬರುವ ತನಕ ಮಾಲೀಕರಿಗೆ ಗೊತ್ತೇ ಆಗುವುದಿಲ್ಲ.

ಟ್ರೆಡ್ ಆಳ ನೋಡುವ ಗೇಜ್ ಹಿಡಿದು ಪ್ರತಿ ಟೈರ್‌ನ ಹೊರಗೆ, ನಡುವೆ, ಒಳಗೆ ಮೂರು ಕಡೆ ಅಳೆಯಬೇಕು. ಅದನ್ನೂ ಸುತ್ತಳತೆಯ ಮೂರು ಜಾಗದಲ್ಲಿ ಅಳೆದು ಸರಾಸರಿ ಹಿಡಿಯಬೇಕು. ಹೊಸದಿದ್ದಾಗ ಈ ಟೈರ್‌ಗಳ ಆಳ 7.8 ಮಿ.ಮೀ. ಇತ್ತು. ಈಗ ಸಿಕ್ಕ ಅಳತೆ ಹೀಗಿದೆ:

ಎಡ ಹಿಂದೆ: ಹೊರಗೆ 5.6, ನಡುವೆ 5.0, ಒಳಗೆ 1.2 ಮಿ.ಮೀ.
ಬಲ ಹಿಂದೆ: ಹೊರಗೆ 5.8, ನಡುವೆ 5.3, ಒಳಗೆ 2.4 ಮಿ.ಮೀ.

ನಮ್ಮಲ್ಲಿ ಕಾರಿನ ಟೈರ್‌ಗೆ ಕಾನೂನಿನ ಕನಿಷ್ಠ ಆಳ 1.6 ಮಿ.ಮೀ. ಎಡ ಟೈರ್ ಅದಕ್ಕಿಂತ ಕೆಳಗೆ ಹೋಗಿದೆ. (ಒಳಗಿನ ಅಳತೆ ಕೊನೆಯ ತೋಡಿನದು; ಅದರಾಚೆಯ ಅಂಚು ಇನ್ನೂ ಹೆಚ್ಚು ಸವೆದಿದೆ.) ನಡುಭಾಗ ಎರಡು ಅಂಚುಗಳ ಮಧ್ಯದ ಅಳತೆಯಲ್ಲೇ ಇರುವುದರಿಂದ ಗಾಳಿಯ ತಪ್ಪಲ್ಲ ಎಂದು ಇಲ್ಲೇ ತೀರ್ಮಾನಿಸಬಹುದು. ಗಾಳಿ ಹೆಚ್ಚಾಗಿದ್ದರೆ ನಡುವೆ ಸವೆಯುತ್ತದೆ, ಕಡಿಮೆಯಾಗಿದ್ದರೆ ಎರಡೂ ಅಂಚು ಒಟ್ಟಿಗೆ ಸವೆಯುತ್ತವೆ. ಸುತ್ತಲೂ ಅಲ್ಲಲ್ಲಿ ಕುಳಿ ಬಿದ್ದಿದ್ದರೆ ಡ್ಯಾಂಪರ್ ಅಥವಾ ಬ್ಯಾಲೆನ್ಸಿಂಗ್ ಮೇಲೆ ಅನುಮಾನ ಪಡಬೇಕಿತ್ತು. ಇಲ್ಲಿ ಸವೆತ ಸುತ್ತಲೂ ಒಂದೇ ಸಮ.

ಆಮೇಲೆ ಕೈಯ ಪರೀಕ್ಷೆ. ಅಂಗೈಯನ್ನು ಟ್ರೆಡ್ ಮೇಲೆ ಅಡ್ಡಡ್ಡ ಎಳೆಯಬೇಕು, ಒಮ್ಮೆ ಒಳಗಿನಿಂದ ಹೊರಕ್ಕೆ, ಒಮ್ಮೆ ಹೊರಗಿನಿಂದ ಒಳಕ್ಕೆ. (ತಂತಿ ಎದ್ದ ಜಾಗ ಬಿಟ್ಟು, ಉಕ್ಕಿನ ಎಳೆ ಚರ್ಮ ಸೀಳುತ್ತದೆ.) ಬರೀ ಕ್ಯಾಂಬರ್‌ನಿಂದ ಸವೆದ ಟೈರ್ ಎರಡೂ ದಿಕ್ಕಿನಲ್ಲಿ ನುಣುಪಾಗಿ, ಇಳಿಜಾರಿನಂತೆ ಸಿಗುತ್ತದೆ. ಇಲ್ಲಿ ಹಾಗಿರಲಿಲ್ಲ. ಒಳಗಿನಿಂದ ಹೊರಕ್ಕೆ ಎಳೆದಾಗ ನುಣುಪು, ಹೊರಗಿನಿಂದ ಒಳಕ್ಕೆ ಎಳೆದಾಗ ಗರಗಸದ ಹಲ್ಲು. ಪ್ರತಿ ಪಟ್ಟಿಯ ಹೊರಮಗ್ಗುಲು ಚೂಪಾಗಿ, ಒಳಮಗ್ಗುಲು ಉರುಟಾಗಿ ನಿಂತಿದೆ ಎಂದರ್ಥ. ಚಕ್ರದ ಮುಂಭಾಗ ಕಾರಿನಿಂದ ಹೊರಕ್ಕೆ ತಿರುಗಿಕೊಂಡಿದೆ, ಟೈರ್ ಉರುಳುವುದರ ಜೊತೆಗೆ ಅಡ್ಡಕ್ಕೂ ಉಜ್ಜುತ್ತಿದೆ ಎಂಬುದಕ್ಕೆ ಇದೇ ಗುರುತು. ಇದಕ್ಕೆ ಹೆಸರು ಟೋ-ಔಟ್; ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನವೇ ಟೋ, ಒಳಕ್ಕಾದರೆ ಟೋ-ಇನ್. ಹಿಂದಿನ ಚಕ್ರಗಳಲ್ಲಿ ಕಾರು ತಯಾರಕರು ಸಾಮಾನ್ಯವಾಗಿ ಬೇಕೆಂದು ಇಡದ ಸ್ಥಿತಿ ಇದು.

ಯಂತ್ರ ಏನು ಹೇಳಿತು

ಈ ಕಾರಿಗೆ ಅಲೈನ್‌ಮೆಂಟ್ ಆಗಿರಲಿಲ್ಲ ಎಂದಲ್ಲ. ಆಗಿತ್ತು, ಮುಂದಿನ ಟೋ ಮಾತ್ರ. ಬಹಳಷ್ಟು ಟೈರ್ ಅಂಗಡಿಗಳಲ್ಲಿ ನಾಲ್ಕೂ ಚಕ್ರಕ್ಕೆ ಸೆನ್ಸರ್ ಕಟ್ಟುತ್ತಾರೆ, ಹಿಂದಿನ ಅಂಕಿಗಳು ಪರದೆಯ ಮೇಲೆ ಕೆಂಪಾಗಿಯೇ ಉಳಿಯುತ್ತವೆ, ಮುಂದಿನ ಟೈ ರಾಡ್ (ಚಕ್ರವನ್ನು ಸ್ಟೀರಿಂಗಿಗೆ ಜೋಡಿಸುವ ಕಡ್ಡಿ) ತಿರುಗಿಸಿ ಸ್ಟೀರಿಂಗ್ ನೇರ ಮಾಡಿ ಕಳಿಸುತ್ತಾರೆ. ಹಿಂದೆ ಟಾರ್ಶನ್ ಬೀಮ್ (ಎರಡೂ ಚಕ್ರಗಳನ್ನು ಜೋಡಿಸುವ ಒಂದೇ ತೊಲೆ) ಇರುವ ಸಣ್ಣ ಕಾರುಗಳೇ ದಿನವಿಡೀ ಬರುವ ಕಡೆ ಈ ಅಭ್ಯಾಸ ಬೆಳೆಯುವುದು ಸಹಜ, ಅವುಗಳಲ್ಲಿ ಹಿಂದೆ ತಿರುಗಿಸಲು ಏನೂ ಇರುವುದಿಲ್ಲ. 370ಝೆಡ್‌ನಲ್ಲಿ ಇದೆ. ಆದ್ದರಿಂದ ರೀಡಿಂಗ್ ಚೀಟಿ ಕೇಳಿ ಪಡೆಯಬೇಕು, ಮುಂಚಿನದು ಮತ್ತು ನಂತರದ್ದು ಎರಡೂ.

ಹೊಸ ರೀಡಿಂಗ್ (1 ಡಿಗ್ರಿಗೆ 60 ಮಿನಿಟ್):

ಎಡ ಹಿಂದೆ: ಕ್ಯಾಂಬರ್ ಮೈನಸ್ 2 ಡಿಗ್ರಿ 50 ಮಿನಿಟ್, ಟೋ 22 ಮಿನಿಟ್ ಹೊರಗೆ.
ಬಲ ಹಿಂದೆ: ಕ್ಯಾಂಬರ್ ಮೈನಸ್ 2 ಡಿಗ್ರಿ 20 ಮಿನಿಟ್, ಟೋ 4 ಮಿನಿಟ್ ಹೊರಗೆ.

ಒಟ್ಟು ಟೋ 26 ಮಿನಿಟ್ ಹೊರಗೆ. ಥ್ರಸ್ಟ್ ಕೋನ, ಅಂದರೆ ಹಿಂದಿನ ಎರಡು ಚಕ್ರ ಸೇರಿ ಕಾರನ್ನು ನೂಕುವ ದಿಕ್ಕು, 9 ಮಿನಿಟ್ ಎಡಕ್ಕೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಕಡೆ ಕೇಳಿಬರುತ್ತದೆ. ಎಡ ಚಕ್ರದ ಟೋ 22, ಬಲದ್ದು 4, ಹಾಗಾಗಿ ಎಡ ಟೈರ್ ಐದು ಪಟ್ಟು ಹೆಚ್ಚು ಉಜ್ಜುತ್ತದೆ ಎನ್ನುವುದು. ನೇರ ರಸ್ತೆಯಲ್ಲಿ ಹಾಗಾಗುವುದಿಲ್ಲ. ಹಿಂದಿನ ಚಕ್ರಗಳು ತಮ್ಮ ಸರಾಸರಿ ದಿಕ್ಕಿನಲ್ಲೇ ಕಾರನ್ನು ಒಯ್ಯುತ್ತವೆ, ಕಾರಿನ ಮೈ ತುಸು ಓರೆಯಾಗಿ ಸಾಗುತ್ತದೆ, ಒಟ್ಟು ಟೋ ಎರಡು ಟೈರ್‌ಗಳಿಗೂ ಸಮನಾಗಿ ಹಂಚಿಹೋಗುತ್ತದೆ. ಅಂದರೆ ಎರಡರ ಪಾಲಿಗೂ 13 ಮಿನಿಟ್. ಓರೆ ಓಟದ ಗುರುತು ಸ್ಟೀರಿಂಗ್‌ನಲ್ಲಿ ಕಾಣಬೇಕಿತ್ತು. ಸ್ಟೀರಿಂಗ್ ಅನುಪಾತ ಸುಮಾರು 15:1 ಎಂದು ಹಿಡಿದರೆ 9 ಮಿನಿಟ್‌ಗೆ ಸ್ಟೀರಿಂಗ್ ಎರಡು ಡಿಗ್ರಿ ಮೇಲ್ಪಟ್ಟು ಎಡಕ್ಕೆ ವಾಲುತ್ತದೆ. ಮುಂದಿನ ಅಲೈನ್‌ಮೆಂಟ್ ಅದನ್ನು ಮುಚ್ಚಿಹಾಕಿತ್ತು.

13 ಮಿನಿಟ್ ಎಂದರೆ ಏನು? ಪ್ರತಿ ಕಿಲೋಮೀಟರಿಗೆ ಟೈರ್ ಸುಮಾರು 3.8 ಮೀಟರ್ ಅಡ್ಡಕ್ಕೆ ಉಜ್ಜುತ್ತದೆ. 9,000 ಕಿ.ಮೀ.ಗೆ 34 ಕಿ.ಮೀ. ಆಯಿತು. ಹೀಗೆ ಅಡ್ಡ ಉಜ್ಜುವಾಗ ರಸ್ತೆ ಟೈರನ್ನು ಹೊರಕ್ಕೆ ಎಳೆಯುತ್ತದೆ. ತಿರುವಿನಲ್ಲಿ ಹೊರಗಿನ ಚಕ್ರವನ್ನು ರಸ್ತೆ ಕಾರಿನ ಕಡೆಗೆ ಎಳೆದಾಗ ಅದರ ಹೊರಅಂಚಿಗೆ ಭಾರ ಬೀಳುವುದು ಗೊತ್ತೇ ಇದೆ. ಎಳೆತ ಹೊರಕ್ಕಾದರೆ ಭಾರ ಒಳಅಂಚಿಗೆ. ಮೈನಸ್ ಕ್ಯಾಂಬರ್ ಮೊದಲೇ ಭಾರವನ್ನು ಒಳಅಂಚಿಗೆ ತಂದಿಟ್ಟಿದೆ, ಟೋ-ಔಟ್ ಅದೇ ಅಂಚಿಗೆ ಇನ್ನಷ್ಟು ಹೇರುತ್ತದೆ. ಅದೇ ಅಳತೆಯ ಟೋ-ಇನ್ ಇದ್ದಿದ್ದರೆ ಉಜ್ಜಾಟ ಅಷ್ಟೇ ಇದ್ದರೂ ಭಾರ ಹೊರಅಂಚಿನ ಕಡೆ ಸರಿದು ಕ್ಯಾಂಬರ್‌ನ ಕಾಟವನ್ನು ತುಸು ತಣಿಸುತ್ತಿತ್ತು. ಮೈನಸ್ ಎರಡು ಡಿಗ್ರಿಯ ಕ್ಯಾಂಬರ್ ಇಟ್ಟುಕೊಂಡೂ ಟೈರ್ ಬಾಳಿಸುವ ಕಾರುಗಳಿವೆ. ಹಿಂದೆ ಟೋ-ಔಟ್ ಇಟ್ಟುಕೊಂಡು ಬಾಳಿಸಿದ್ದು ಕಾಣುವುದು ಕಷ್ಟ.

ಹಾಗಾದರೆ ಎಡ ಟೈರ್ ಹೆಚ್ಚು ಸವೆದದ್ದೇಕೆ? ಕ್ಯಾಂಬರ್ ಅರ್ಧ ಡಿಗ್ರಿ ಹೆಚ್ಚಿರುವುದು ಒಂದು. ನಮ್ಮ ರಸ್ತೆಗಳು ನೀರು ಹರಿಯಲೆಂದು ಎಡಕ್ಕೆ ವಾಲಿರುವುದರಿಂದ ಎಡ ಚಕ್ರಗಳ ಮೇಲೆ ಭಾರ ತುಸು ಹೆಚ್ಚಿರುವುದು ಇನ್ನೊಂದು. ಆದರೆ ಎಡಬಲದ ನಡುವೆ ಅರ್ಧ ಡಿಗ್ರಿ ವ್ಯತ್ಯಾಸ ಬಂದದ್ದು ಎಲ್ಲಿಂದ ಎಂಬ ಪ್ರಶ್ನೆ ಉಳಿಯುತ್ತದೆ. ಎರಡೂ ಕಡೆ ಒಂದೇ ಸ್ಪ್ರಿಂಗ್ ಹಾಕಿದ ಕಾರು ಎರಡೂ ಕಡೆ ಒಂದೇ ರೀತಿ ಕೆಡಬೇಕಿತ್ತು.

ಕಾರಿನಡಿಯಲ್ಲಿ

ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ, ಚಕ್ರದ ನಡುಬಿಂದುವಿನಿಂದ ಮೇಲಿನ ಫೆಂಡರ್ ಅಂಚಿನವರೆಗೆ ಅಳೆಯಬೇಕು. ನೆಲದಿಂದ ಅಳೆದರೆ ಟೈರ್ ಸವೆತವೂ ಗಾಳಿಯೂ ಲೆಕ್ಕ ಕೆಡಿಸುತ್ತವೆ. ಬಲಕ್ಕೆ 340 ಮಿ.ಮೀ., ಎಡಕ್ಕೆ 332. ಈ ಕಾರಿನಲ್ಲಿ ಪ್ರತಿ ಮಿಲಿಮೀಟರ್ ಇಳಿತಕ್ಕೆ ಕ್ಯಾಂಬರ್ ಸುಮಾರು ಎರಡು ಮಿನಿಟ್ ಮೈನಸ್ ಕಡೆ ಹೋಗುತ್ತಿತ್ತು, ಆ ಲೆಕ್ಕದಲ್ಲಿ 8 ಮಿ.ಮೀ.ಗೆ 16 ಮಿನಿಟ್. ಅರ್ಧಕ್ಕಿಂತ ಹೆಚ್ಚು ವ್ಯತ್ಯಾಸಕ್ಕೆ ಲೆಕ್ಕ ಸಿಕ್ಕಿತು.

370ಝೆಡ್‌ನ ಹಿಂದೆ ಸ್ಪ್ರಿಂಗ್ ಮತ್ತು ಡ್ಯಾಂಪರ್ ಬೇರೆ ಬೇರೆ. ಸ್ಪ್ರಿಂಗ್ ಕೂರುವುದು ರಿಯರ್ ಲೋವರ್ ಲಿಂಕ್ ಎಂಬ ಅಗಲ ಬಟ್ಟಲಿನಂಥ ಭಾಗದ ಮೇಲೆ. ಸ್ಪ್ರಿಂಗ್ ಬದಲಿಸಬೇಕಾದರೆ ಈ ಲಿಂಕಿನ ಹೊರತುದಿಯ ಬೋಲ್ಟ್ ಬಿಚ್ಚಿ ಅದನ್ನು ಕೆಳಗೆ ಇಳಿಸಲೇಬೇಕು. ಎಲ್ಲ ತೊಂದರೆಯೂ ಈ ಒಂದು ಕೆಲಸದ ಸುತ್ತಲೇ ಸಿಕ್ಕಿತು.

ಎಡ ಸ್ಪ್ರಿಂಗಿನ ತುದಿ ಕೆಳಗಿನ ರಬ್ಬರ್ ಸೀಟಿನ ಮೆಟ್ಟಿಲಿಗೆ ತಾಗಿ ಕೂತಿರಲಿಲ್ಲ. ತಿರುಗಿ ಕೂತದ್ದರಿಂದ ರಬ್ಬರ್ ಒಂದು ಕಡೆ ಹಿಸುಕಿ ಹೋಗಿತ್ತು. ಎತ್ತರ ತಗ್ಗಿದ್ದು ಹೀಗೆ.

ಲಿಂಕಿನ ಒಳತುದಿಯನ್ನು ಸಬ್‌ಫ್ರೇಮಿಗೆ (ಸಸ್ಪೆನ್ಶನ್ ಹೊತ್ತ ಚೌಕಟ್ಟಿಗೆ) ಹಿಡಿದಿರುವುದು ಎಕ್ಸೆಂಟ್ರಿಕ್ ಬೋಲ್ಟ್, ಅಂದರೆ ತಿರುಗಿಸಿದಾಗ ಲಿಂಕನ್ನು ಒಳಕ್ಕೆ ಹೊರಕ್ಕೆ ಸರಿಸುವ ಬೋಲ್ಟ್. ಹಿಂದಿನ ಟೋ ಹೊಂದಿಸುವುದು ಇದರಿಂದಲೇ. ಲಿಂಕ್ ಸಲೀಸಾಗಿ ಇಳಿಯಲೆಂದು ಯಾರೋ ಇದನ್ನೂ ಸಡಿಲಿಸಿದ್ದಾರೆ, ಗುರುತು ಹಾಕಿಲ್ಲ, ಕೈಗೆ ಬಂದ ಜಾಗದಲ್ಲಿ ಬಿಗಿದಿದ್ದಾರೆ. ತಿರುಪಿನ ವಾಶರ್ ಮೇಲಿನ ಗೀರುಗಳು ಎಡಬಲ ಬೇರೆ ಬೇರೆ ಕಡೆ ನಿಂತಿರುವುದೇ ಸಾಕ್ಷಿ.

ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ಬೋಲ್ಟ್ ಬಿಗಿದದ್ದು ಕಾರು ಲಿಫ್ಟ್ ಮೇಲಿದ್ದಾಗ, ಚಕ್ರಗಳು ಜೋತುಬಿದ್ದಿದ್ದಾಗ. ಲಿಂಕಿನ ತುದಿಯಲ್ಲಿರುವ ರಬ್ಬರ್ ಕೀಲು, ಅಂದರೆ ಸಸ್ಪೆನ್ಶನ್ ಬುಶ್‌ನ ಒಳತೋಳು (ನಡುವಿನ ಲೋಹದ ಕೊಳವೆ) ಬೋಲ್ಟ್ ಬಿಗಿದ ಕೂಡಲೇ ಸಬ್‌ಫ್ರೇಮಿಗೆ ಕಚ್ಚಿಕೊಳ್ಳುತ್ತದೆ, ಲಿಂಕ್ ಮೇಲೆ ಕೆಳಗೆ ಆಡುವುದೆಲ್ಲ ರಬ್ಬರ್ ತಿರುಚಿಕೊಳ್ಳುವುದರಿಂದ. ಜೋತುಬಿದ್ದ ಸ್ಥಿತಿಯಲ್ಲಿ ಬಿಗಿದರೆ ಕಾರು ನೆಲಕ್ಕೆ ಇಳಿದ ಗಳಿಗೆಯಿಂದಲೇ ರಬ್ಬರ್ ತಿರುಚಿಕೊಂಡು ನಿಲ್ಲುತ್ತದೆ, ತಗ್ಗಿಸಿದ ಕಾರಿನಲ್ಲಿ ಇನ್ನೂ 30 ಮಿ.ಮೀ. ಹೆಚ್ಚು. ಸಾಲದ್ದಕ್ಕೆ ನಮ್ಮ ರಸ್ತೆಯ ಹಂಪ್‌ಗಳು. ಎಡ ಲಿಂಕಿನ ಒಳಬುಶ್ ಅರ್ಧ ಸುತ್ತು ಹರಿದಿತ್ತು, ಬಲದ್ದರಲ್ಲಿ ಬಿರುಕು ಶುರುವಾಗಿತ್ತು. ಚಕ್ರದ ಮುಂಅಂಚನ್ನು ಕೈಯಿಂದ ತಳ್ಳಿ ಎಳೆದರೆ ಪರದೆಯ ಮೇಲೆ ಎಡ ಟೋ 10 ಮಿನಿಟ್ ಆಚೀಚೆ ಓಡುತ್ತಿತ್ತು. ನಿಂತ ಕಾರಿನ ರೀಡಿಂಗ್ 22 ಮಿನಿಟ್ ಹೊರಗೆ. ಬ್ರೇಕ್ ಹಾಕಿದಾಗ ಅದು ಇನ್ನೂ ಹೊರಗೆ. ಇಂಥ ಬುಶ್ ಇಟ್ಟುಕೊಂಡು ಅಲೈನ್‌ಮೆಂಟ್ ಮಾಡಿಸುವುದು ದುಡ್ಡು ದಂಡ.

ಬೇರಿಂಗ್ ಆಟ, ರಿಮ್ ಬಾಗು, ಸಬ್‌ಫ್ರೇಮ್ ಬುಶ್, ಡ್ಯಾಂಪರ್ ಸೋರಿಕೆ ಇವನ್ನೂ ನೋಡಿ ಸರಿ ಇವೆಯೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಭಾಗಗಳಿಗೆ ಆರ್ಡರ್ ಕೊಡಬೇಕು.

ಕ್ಯಾಂಬರ್ ತಿದ್ದಿದರೆ ಟೋ ಹಾರುತ್ತದೆ

ಹಿಂದಿನ ಚಕ್ರದ ಕೆಳಭಾಗವನ್ನು ಹಿಡಿದಿರುವುದು ಎರಡು ಅಡ್ಡ ಲಿಂಕ್‌ಗಳು. ಮುಂದಿನದು ಫ್ರಂಟ್ ಲೋವರ್ ಲಿಂಕ್, ಕ್ಯಾಂಬರ್ ಹೊಂದಿಸುವ ಎಕ್ಸೆಂಟ್ರಿಕ್ ಇರುವುದು ಇದಕ್ಕೆ. ಹಿಂದಿನದು ಸ್ಪ್ರಿಂಗ್ ಹೊತ್ತ ಲಿಂಕ್, ಟೋ ಇರುವುದು ಅದಕ್ಕೆ. ಮೈನಸ್ ಕ್ಯಾಂಬರ್ ಕಡಿಮೆ ಮಾಡಬೇಕೆಂದರೆ ಚಕ್ರದ ಕೆಳಭಾಗ ಒಳಕ್ಕೆ ಬರಬೇಕು. ಲಂಬವಾಗಿ 300 ಮಿ.ಮೀ. ಅಂತರಕ್ಕೆ ಒಂದು ಡಿಗ್ರಿ ಎಂದರೆ 5 ಮಿ.ಮೀ. ಚಲನೆ. ಮುಂದಿನ ಲಿಂಕನ್ನು ಮಾತ್ರ ಅಷ್ಟು ಗಿಡ್ಡ ಮಾಡಿದರೆ ಚಕ್ರದ ಮುಂಭಾಗ ಒಳಕ್ಕೆ ಎಳೆದುಕೊಂಡು ಟೋ-ಇನ್ ವಿಪರೀತ ಏರುತ್ತದೆ. ಅದನ್ನು ಇಳಿಸಲು ಹಿಂದಿನ ಲಿಂಕನ್ನೂ ಹೆಚ್ಚುಕಡಿಮೆ ಅಷ್ಟೇ ಗಿಡ್ಡ ಮಾಡಬೇಕು. ಮೂಲ ಎಕ್ಸೆಂಟ್ರಿಕ್‌ಗಳ ವ್ಯಾಪ್ತಿ ಕಾರ್ಖಾನೆಯ ಎತ್ತರಕ್ಕೆ ಸಾಕಾಗುವಷ್ಟು ಮಾತ್ರ. ಕ್ಯಾಂಬರ್ ಆರ್ಮ್ (ಫ್ರಂಟ್ ಲೋವರ್ ಲಿಂಕಿನ ಬದಲಿಗೆ ಹಾಕುವುದು) ಒಂದನ್ನೇ ತರಿಸಿ ಹಾಕಿ, ಟೋ ಹಿಂದಕ್ಕೆ ಬರದೆ, ಕೊನೆಗೆ ಕ್ಯಾಂಬರ್ ಮತ್ತೆ ಹೆಚ್ಚಿಸಿ ಕೈಬಿಟ್ಟ ಕಾರುಗಳು ಕಡಿಮೆಯೇನಲ್ಲ.

ಆದ್ದರಿಂದ ಎರಡನ್ನೂ ಒಟ್ಟಿಗೆ ತರಿಸುವುದು ಮೇಲು: ಉದ್ದ ಹೊಂದಿಸಬಹುದಾದ ಕ್ಯಾಂಬರ್ ಆರ್ಮ್ ಒಂದು ಜೊತೆ, ಹೆಚ್ಚು ವ್ಯಾಪ್ತಿಯ ಟೋ ಎಕ್ಸೆಂಟ್ರಿಕ್ ಬೋಲ್ಟ್ ಒಂದು ಜೊತೆ. ಕೆಲವು ಟೋ ಕಿಟ್‌ಗಳಿಗೆ ಸಬ್‌ಫ್ರೇಮಿನ ಸೀಳನ್ನು ಅರದಿಂದ ಉದ್ದ ಮಾಡಬೇಕಾಗುತ್ತದೆ. ಅಂಥ ಕಿಟ್ ಆದರೆ ಸೀಳನ್ನು ಉದ್ದ ಮಾತ್ರ ಮಾಡಬೇಕು, ಅಗಲ ಮಾಡಬಾರದು, ಉಜ್ಜಿದ ಜಾಗಕ್ಕೆ ಬಣ್ಣ ಬಳಿಯಬೇಕು.

ಭಾಗಗಳಿಲ್ಲದೆ ಮುಗಿಸುವ ದಾರಿಯೂ ಉಂಟು. ಹಿಂದಿನ ಸ್ಪ್ರಿಂಗ್ ಅಡಿಗೆ 5 ಮಿ.ಮೀ. ದಪ್ಪನೆಯ ರಬ್ಬರ್ ಪ್ಯಾಡ್ ಸೇರಿಸಿದರೆ, ಸ್ಪ್ರಿಂಗ್ ಚಕ್ರಕ್ಕಿಂತ ಒಳಗೆ ಕೂತಿರುವುದರಿಂದ ಕಾರು ಅದಕ್ಕಿಂತ ಹೆಚ್ಚೇ ಏಳುತ್ತದೆ, ಕ್ಯಾಂಬರ್ ಕಾಲು ಡಿಗ್ರಿಯಷ್ಟು ತಗ್ಗುತ್ತದೆ. ದಿನಾ ಆಫೀಸಿಗೆ ಓಡಿಸುವ ಕಾರಿಗೆ ನಿಜವಾಗಿ ಇದೇ ಸಾಕು. ಟೋ ಸರಿಪಡಿಸಿ, ಕ್ಯಾಂಬರನ್ನು ಮೈನಸ್ 2 ಡಿಗ್ರಿಯ ಆಸುಪಾಸು ಬಿಟ್ಟರೂ ಟೈರ್ ಗೌರವದಿಂದ ಸವೆಯುತ್ತದೆ. ಈ ಪ್ರಕರಣದಲ್ಲಿ ಮಾಲೀಕರು ಎತ್ತರ ಬದಲಿಸಲು ಒಪ್ಪದ ಕಾರಣ ಆರ್ಮ್‌ಗಳ ದಾರಿ ಹಿಡಿಯಬೇಕಾಯಿತು.

ಗುರಿ ಹೀಗೆ ನಿಗದಿಯಾಯಿತು. ಎರಡೂ ಕಡೆ ಕ್ಯಾಂಬರ್ ಮೈನಸ್ 1 ಡಿಗ್ರಿ 45 ಮಿನಿಟ್, ಎಡಬಲ ವ್ಯತ್ಯಾಸ 10 ಮಿನಿಟ್ ಮೀರಬಾರದು. ಟೋ ಒಂದೊಂದು ಕಡೆ 8 ಮಿನಿಟ್ ಒಳಗೆ. ಥ್ರಸ್ಟ್ ಕೋನ 3 ಮಿನಿಟ್ ಮೀರಬಾರದು. ಕ್ಯಾಂಬರನ್ನು ಸೊನ್ನೆಗೆ ತರಬಾರದೇ ಎಂದು ಕೇಳುವವರಿದ್ದಾರೆ. ತಂದರೆ ತಿರುವಿನಲ್ಲಿ ಕಾರು ವಾಲಿದಾಗ ಹೊರ ಟೈರ್ ಹೊರಅಂಚಿನ ಮೇಲೆ ನಿಂತು ಹಿಂಬದಿಯ ಹಿಡಿತ ಸಡಿಲುತ್ತದೆ. ನಂದಿ ಬೆಟ್ಟದ ತಿರುವಿನಲ್ಲಿ ಹಿಂಚಕ್ರ ಚಾಲನೆಯ ಕಾರಿಗೆ ಅದು ಬೇಡ. ಟೋ ಸೊನ್ನೆ ಇಟ್ಟರೂ ಅಪಾಯವೇ, ಬ್ರೇಕ್ ಒತ್ತಿದಾಗ ಬುಶ್ ಬಾಗಿ ಅದು ಹೊರಕ್ಕೆ ದಾಟುತ್ತದೆ. ಚಕ್ರ ಉರುಳುವಾಗ ಸೊನ್ನೆಯ ಹತ್ತಿರ ಉಳಿಯಲಿ ಎಂದೇ ನಿಂತಾಗ ಸ್ವಲ್ಪ ಒಳಗೆ ಇಡುವುದು.

ಕೆಲಸದ ಕ್ರಮ

ಹಿಂದಿನ ದಿನ ಸಂಜೆಯೇ ಎಕ್ಸೆಂಟ್ರಿಕ್ ಬೋಲ್ಟ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿಡಬೇಕು. ಬೆಂಗಳೂರಿನ ಕಾರುಗಳಲ್ಲಿ ಸಾಮಾನ್ಯವಾಗಿ ಬಿಚ್ಚಿಕೊಳ್ಳುತ್ತವೆ. ಮಂಗಳೂರು, ಉಡುಪಿ ಕಡೆ ಬಾಳಿದ ಕಾರಾದರೆ ಉಪ್ಪುಗಾಳಿಗೆ ಬೋಲ್ಟ್ ಬುಶ್‌ನ ಒಳತೋಳಿಗೇ ಬೆಸೆದುಕೊಂಡಿರುತ್ತದೆ. ನಟ್ ತಿರುಗಿದರೂ ಬೋಲ್ಟ್ ಅಲ್ಲಾಡದಿದ್ದರೆ ಉದ್ದ ಪೈಪ್ ಹಾಕಿ ಬಲ ಬಿಡಬಾರದು. ಸಬ್‌ಫ್ರೇಮಿನ ಅಂಚುಗಳು ಬಾಗಿದರೆ ಮುಂದೆ ಟೋ ಹೊಂದಿಸಲಾಗದು. ಬುಶ್ ಹೇಗೂ ಹೋಗುವುದಾದ್ದರಿಂದ ಎರಡೂ ಬದಿ ಕತ್ತರಿಸಿ ತೆಗೆಯುವುದೇ ಸರಿ, ಅದಕ್ಕೆ ಹೊಸ ಬೋಲ್ಟ್ ಕೈಯಲ್ಲಿರಬೇಕು.

ಬಿಚ್ಚುವ ಮುಂಚೆ ಎಲ್ಲ ಎಕ್ಸೆಂಟ್ರಿಕ್‌ಗೂ ಬಣ್ಣದ ಗುರುತು. ಕಾರನ್ನು ಸ್ಟ್ಯಾಂಡ್ ಮೇಲೆ ಕೂರಿಸಿ, ಚಕ್ರ ತೆಗೆದು, ಸ್ಟೆಬಿಲೈಸರ್ ಕೊಂಡಿ ಬಿಡಿಸಬೇಕು. ರಿಯರ್ ಲೋವರ್ ಲಿಂಕ್‌ಗೆ ಅಡಿಯಿಂದ ಜಾಕಿ ಕೊಟ್ಟು ಭಾರ ಹಿಡಿದ ಮೇಲೆಯೇ ಹೊರತುದಿಯ ಬೋಲ್ಟ್ ಎಳೆಯಬೇಕು. ಗಿಡ್ಡ ಸ್ಪ್ರಿಂಗ್ ಆದರೂ ಒತ್ತಡ ಉಳಿದಿರುತ್ತದೆ. ಸ್ಪ್ರಿಂಗಿಗೆ ಒಂದು ಸರಪಳಿ ಸುತ್ತಿ ಸಬ್‌ಫ್ರೇಮಿಗೆ ಕಟ್ಟಿ, ಜಾಕಿಯನ್ನು ನಿಧಾನವಾಗಿ ಇಳಿಸಬೇಕು. ಲಿಂಕಿನ ಎದುರು ಯಾರೂ ಕೂರಬಾರದು.

ಬುಶ್ ಬಿಡಿಯಾಗಿ ಸಿಕ್ಕರೆ ಲಿಂಕನ್ನು ಹೈಡ್ರಾಲಿಕ್ ಪ್ರೆಸ್ ಇರುವ ಲೇತ್ ಅಂಗಡಿಗೆ ಒಯ್ಯಬಹುದು, ಪೀಣ್ಯದಲ್ಲಿ ಅಂಥವಕ್ಕೆ ಕೊರತೆಯಿಲ್ಲ. ಸುತ್ತಿಗೆಯಿಂದ ಹೊಡೆದು ತೆಗೆಯುವ ಕಡೆ ಕೊಡಬಾರದು. ಲಿಂಕಿನ ಕಣ್ಣು ಒಂದಿಷ್ಟು ಸೊಟ್ಟಗಾದರೆ ಹೊಸ ಬುಶ್ ಮೊದಲ ದಿನದಿಂದಲೇ ಓರೆ. ಬಿಡಿಯಾಗಿ ಸಿಗದಿದ್ದರೆ ಬುಶ್ ಸಮೇತ ಇಡೀ ಲಿಂಕ್ ತರಿಸುವುದು. ಪಾಲಿಯುರೆಥೇನ್ ಬುಶ್‌ಗೂ ಆಸೆ ಪಡುವವರಿದ್ದಾರೆ. ಟ್ರ್ಯಾಕ್ ಕಾರಿಗೆ ಸರಿ, ರಸ್ತೆಯ ಕಾರಿನಲ್ಲಿ ಗ್ರೀಸ್ ಒಣಗಿದ ಮೇಲೆ ಕಿರುಗುಟ್ಟುತ್ತದೆ. ಇಲ್ಲಿ ಎರಡೂ ಕಡೆ ರಬ್ಬರ್ ಬುಶ್ಶೇ ಹಾಕಲಾಯಿತು. ಒಂದೇ ಕಡೆ ಬದಲಿಸಿದರೆ ಎಡಬಲದ ಬಾಗು ಬೇರೆಯಾಗುತ್ತದೆ.

ಹೊಸ ಕ್ಯಾಂಬರ್ ಆರ್ಮ್ ಹಾಕುವ ಮುಂಚೆ ಹಳೆಯದರ ಪಕ್ಕ ಇಟ್ಟು, ಬೋಲ್ಟ್ ರಂಧ್ರದ ನಡುವಿನಿಂದ ನಡುವಿಗೆ ಅಳೆದು, ಮೊದಲು ಅದೇ ಉದ್ದಕ್ಕೆ ತರಬೇಕು, ಆಮೇಲೆ 4 ಮಿ.ಮೀ. ಗಿಡ್ಡ. ಎರಡೂ ಆರ್ಮ್ ಒಂದೇ ಉದ್ದ. ಯಂತ್ರದ ಮೇಲೆ ಕಡಿಮೆ ಓಡಾಟಕ್ಕೆ ಇದು ಒಳ್ಳೆಯ ಆರಂಭ. ಸ್ಪ್ರಿಂಗ್ ತುದಿ ರಬ್ಬರ್ ಸೀಟಿನ ಮೆಟ್ಟಿಲಿಗೆ ತಾಗಿದೆಯೇ ಎಂದು ಟಾರ್ಚ್ ಹಾಕಿ ನೋಡಿ, ಹಿಸುಕಿದ ಸೀಟ್ ಬದಲಿಸಿ, ಜಾಕಿ ಏರಿಸಬೇಕು. ಬೋಲ್ಟಿನ ನುಣುಪು ಭಾಗಕ್ಕೆ ಆಂಟಿ-ಸೀಜ್ (ಕಚ್ಚಿಕೊಳ್ಳದಂತೆ ತಡೆಯುವ ಲೇಪ) ತೆಳುವಾಗಿ.

ಈ ಹಂತದಲ್ಲಿ ಯಾವ ಬೋಲ್ಟನ್ನೂ ಪೂರ್ತಿ ಬಿಗಿಯಬಾರದು. ಹಬ್ (ಚಕ್ರ ಕೂರುವ ನಡುಭಾಗ) ಅಡಿಗೆ ಜಾಕಿ ಕೊಟ್ಟು, ಚಕ್ರದ ನಡುವಿನಿಂದ ಫೆಂಡರ್ ಅಂಚಿಗೆ 340 ಮಿ.ಮೀ. ಬರುವವರೆಗೆ ಎತ್ತಿ, ಆ ಸ್ಥಿತಿಯಲ್ಲೇ ಸರ್ವಿಸ್ ಮ್ಯಾನ್ಯುಯಲ್ ಹೇಳುವ ಟಾರ್ಕ್‌ಗೆ (ತಿರುಚುಬಲಕ್ಕೆ) ಬಿಗಿಯಬೇಕು. ಎಕ್ಸೆಂಟ್ರಿಕ್ ಬೋಲ್ಟ್‌ಗಳು ಮಾತ್ರ ಅಲೈನ್‌ಮೆಂಟ್ ಮುಗಿಯುವ ತನಕ ಹಗುರ ಬಿಗಿತದಲ್ಲಿ ಇರಲಿ. ಚಕ್ರದ ನಟ್‌ಗಳಿಗೆ 108 ನ್ಯೂಟನ್ ಮೀಟರ್, ಟಾರ್ಕ್ ರೆಂಚಿನಿಂದ; ಗಾಳಿ ಗನ್ನಿನಿಂದ ಅಲ್ಲ.

ಅಲೈನ್‌ಮೆಂಟ್ ಯಂತ್ರದ ಮೇಲೆ

ತಗ್ಗಿಸಿದ ಕಾರು ರ್‍ಯಾಂಪ್ ಏರುವಾಗ ಮುಂದಿನ ಬಂಪರ್ ತಾಗುತ್ತದೆ, ಎರಡು ಉದ್ದ ಹಲಗೆ ಜೊತೆಗೆ ಒಯ್ಯುವುದು ಕ್ಷೇಮ. ಗಾಳಿ ಬಾಗಿಲ ಬಳಿಯ ಚೀಟಿಯಲ್ಲಿ ಇರುವಷ್ಟೇ, ಟೈರ್ ತಣ್ಣಗಿದ್ದಾಗ. ಇಂಧನ ಅರ್ಧ ಟ್ಯಾಂಕ್. ಚಾಲಕನ ಸೀಟಿನಲ್ಲಿ ಮಾಲೀಕರಷ್ಟೇ ತೂಕದ ಮರಳು ಚೀಲ. ತಗ್ಗಿಸಿದ ಕಾರಿನಲ್ಲಿ ಈ ತೂಕ ಕ್ಯಾಂಬರ್ ಬದಲಿಸುತ್ತದೆ. ಹಿಂದಿನ ಚಕ್ರಗಳ ಅಡಿಯ ಸ್ಲಿಪ್ ಪ್ಲೇಟ್‌ಗಳ ಪಿನ್ ತೆಗೆದಿದ್ದಾರೆಯೇ ನೋಡಬೇಕು, ಹಲವು ಕಡೆ ಅವು ತೆಗೆಯದೆ ತುಕ್ಕು ಹಿಡಿದಿರುತ್ತವೆ. ಪ್ಲೇಟ್ ಜಾರದಿದ್ದರೆ ಟೈರ್ ಗೋಡೆ ಬಾಗಿಕೊಂಡು ಸುಳ್ಳು ಅಂಕಿ ತೋರಿಸುತ್ತದೆ.

ಕ್ರಮ ಬದಲಾಗಬಾರದು. ಹಿಂದಿನ ಕ್ಯಾಂಬರ್, ಹಿಂದಿನ ಟೋ, ಮತ್ತೆ ಕ್ಯಾಂಬರ್, ಮತ್ತೆ ಟೋ, ಎಲ್ಲಕ್ಕೂ ಕೊನೆಗೆ ಮುಂದಿನದು. ಸ್ಪ್ರಿಂಗ್ ಸರಿಯಾಗಿ ಕೂತ ಮೇಲೆ ಎಡ ಎತ್ತರ 339ಕ್ಕೆ ಬಂದಿತ್ತು. ಆರ್ಮ್‌ಗಳಲ್ಲಿ ಕ್ಯಾಂಬರ್ ಮೈನಸ್ 1 ಡಿಗ್ರಿ 45 ಮಿನಿಟ್‌ಗೆ ತಂದಾಗ, ಮೇಲೆ ಹೇಳಿದಂತೆ, ಟೋ-ಇನ್ ಒಂದೊಂದು ಕಡೆ 50 ಮಿನಿಟ್ ದಾಟಿತು. ಎಡಗಡೆ ಮೂಲ ಎಕ್ಸೆಂಟ್ರಿಕ್ ಪ್ರಯೋಗ ಮಾಡಿ ನೋಡಿದಾಗ ಕೊನೆ ಮುಟ್ಟಿದರೂ 20 ಮಿನಿಟ್ ಒಳಗೇ ನಿಂತಿತು. ಹೊಸ ಕಿಟ್‌ನಲ್ಲಿ 8ಕ್ಕೆ ಬಂದು ಇನ್ನೂ ಸ್ವಲ್ಪ ವ್ಯಾಪ್ತಿ ಉಳಿಯಿತು.

ಎಕ್ಸೆಂಟ್ರಿಕ್ ನಟ್ ಬಿಗಿಯುವಾಗ ಟೋ ಓಡುತ್ತದೆ. ಬೋಲ್ಟ್ ತಲೆಯನ್ನು ಸ್ಪ್ಯಾನರಿನಿಂದ ಹಿಡಿದು ನಟ್ ಮಾತ್ರ ತಿರುಗಿಸಿ, ಪರದೆ ನೋಡುತ್ತಾ ಬಿಗಿಯಬೇಕು. ಎರಡು ಮೂರು ಮಿನಿಟ್ ಓಡುವುದು ಗೊತ್ತಿದ್ದವರು ಅಷ್ಟು ಮುಂಚಿತವಾಗಿ ಬಿಟ್ಟು ಬಿಗಿಯುತ್ತಾರೆ. ಆರ್ಮ್‌ಗಳ ಎರಡೂ ಲಾಕ್ ನಟ್ ಬಿಗಿಯಾಗಿವೆಯೇ ನೋಡಿ, ಬಣ್ಣದ ಗೆರೆ ಎಳೆಯಬೇಕು. ಮುಂದೆ ಒಂದು ನೋಟದಲ್ಲೇ ಸಡಿಲಾಗಿದ್ದು ಗೊತ್ತಾಗುತ್ತದೆ. ಥ್ರಸ್ಟ್ ಕೋನ 1 ಮಿನಿಟ್‌ಗೆ ನಿಂತಿತು. ಹಿಂದಿನ ದಿಕ್ಕು ಬದಲಾದ್ದರಿಂದ ಮುಂದಿನ ಟೋ ಮತ್ತು ಸ್ಟೀರಿಂಗ್ ನಡುಸ್ಥಾನ ಹೊಸದಾಗಿ ಹೊಂದಿಸಿ, ಸ್ಕ್ಯಾನರ್ ಹಾಕಿ ಸ್ಟೀರಿಂಗ್ ಕೋನದ ಸೆನ್ಸರ್‌ಗೆ ಹೊಸ ಸೊನ್ನೆ ಕಲಿಸಬೇಕು. ಬಿಟ್ಟರೆ ಸ್ಥಿರತೆ ನಿಯಂತ್ರಣದ ದೀಪ ಹೊತ್ತಿಕೊಳ್ಳಬಹುದು, ಬೇಡದ ಕಡೆ ಬ್ರೇಕ್ ಹಿಡಿಯಬಹುದು.

ಯಂತ್ರದ ಮೇಲೆ ನಂಬಿಕೆ ಇಲ್ಲದವರಿಗೆ ದಾರದ ಲೆಕ್ಕ ಇದೆ. ಕಾರಿನ ಎರಡೂ ಬದಿಗೆ, ಹಬ್ ಎತ್ತರದಲ್ಲಿ, ಮೀನಿನ ಗಾಳದ ದಾರವನ್ನು ಒಂದಕ್ಕೊಂದು ಸಮಾನಾಂತರವಾಗಿ ಬಿಗಿದು ಕಟ್ಟಬೇಕು. ಮುಂದಿನ ಎರಡು ಹಬ್‌ಗಳಿಂದ ದಾರಕ್ಕೆ ಇರುವ ದೂರ ಎಡಬಲ ಒಂದೇ, ಹಿಂದಿನ ಎರಡರಿಂದಲೂ ಎಡಬಲ ಒಂದೇ ಆಗಿರಬೇಕು. ಮುಂದಿನ ದೂರವೂ ಹಿಂದಿನದೂ ಒಂದೇ ಆಗಬೇಕಿಲ್ಲ. ಆಮೇಲೆ ಉಕ್ಕಿನ ಸ್ಕೇಲಿನಿಂದ ರಿಮ್ಮಿನ ಮುಂಅಂಚು, ಹಿಂಅಂಚುಗಳಿಂದ ದಾರಕ್ಕೆ ಅಳೆಯುವುದು. ಅಂಚುಗಳ ನಡುವೆ 510 ಮಿ.ಮೀ. ಇದ್ದರೆ, 1 ಮಿ.ಮೀ. ವ್ಯತ್ಯಾಸ ಸುಮಾರು 7 ಮಿನಿಟ್‌ಗೆ ಸಮ. 8 ಮಿನಿಟ್ ಟೋ-ಇನ್ ಇದ್ದರೆ ಮುಂಅಂಚಿನ ದೂರ ಹಿಂಅಂಚಿಗಿಂತ 1.2 ಮಿ.ಮೀ. ಹೆಚ್ಚು ಬರುತ್ತದೆ.

ಟೈರ್, ಮತ್ತು ಆಮೇಲಿನ ಓಟ

ತಂತಿ ಕಂಡ ಟೈರ್‌ಗೆ ಬೇರೆ ಗತಿಯಿಲ್ಲ. ಬಲಗಡೆಯದರಲ್ಲಿ 2.4 ಮಿ.ಮೀ. ಉಳಿದಿದ್ದರೂ ಜೊತೆಯಲ್ಲೇ ಬದಲಿಸಬೇಕು. ಚಾಲನೆ ಪಡೆಯುವ ಎರಡು ಚಕ್ರಗಳ ಸುತ್ತಳತೆ ಬೇರೆಯಾದರೆ ಡಿಫರೆನ್ಶಿಯಲ್ (ಎರಡು ಚಕ್ರಗಳ ವೇಗದ ವ್ಯತ್ಯಾಸ ನಿಭಾಯಿಸುವ ಗೇರ್) ಸದಾ ದುಡಿಯುತ್ತದೆ. ಮುಂದೆ ಹಿಂದೆ ಅಳತೆ ಬೇರೆ ಇರುವ ಕಾರಿನಲ್ಲಿ ಟೈರ್ ಅದಲುಬದಲು ಮಾಡಿ ಸವೆತ ಹಂಚುವ ದಾರಿ ಇಲ್ಲ. ತಿರುಗುವ ದಿಕ್ಕಿನ ಬಾಣ ಇರುವ ಟೈರ್ ಆದರೆ, ಇನ್ನೂ ಆಳ ಉಳಿದಿರುವಾಗಲೇ ರಿಮ್‌ನಿಂದ ಕಳಚಿ ಮಗ್ಗುಲು ತಿರುಗಿಸಿ ಎದುರು ಬದಿಗೆ ಹಾಕಿದರೆ ಒಳಅಂಚು ಹೊರಬರುತ್ತದೆ, ಬಾಣದ ದಿಕ್ಕೂ ಕೆಡುವುದಿಲ್ಲ. ಹೊರಬದಿ ಎಂದು ಮುದ್ರೆ ಇರುವ ಟೈರ್‌ನಲ್ಲಿ ಇದಾಗದು. ಈ ಕಾರಿನವು ಎರಡನೆಯ ಬಗೆಯವು.

ಮೊದಲ 1,000 ಕಿ.ಮೀ. ಆದ ಮೇಲೆ ಅಂಗೈ ಪರೀಕ್ಷೆ ಮಾಡಿದಾಗ ಎರಡೂ ದಿಕ್ಕಿನಲ್ಲಿ ನುಣುಪು. ಟೋ ತಪ್ಪಿದ್ದರೆ ಗೇಜ್‌ಗೆ ಕಾಣುವ ಮುಂಚೆ ಕೈಗೆ ಸಿಗುತ್ತದೆ, ಆದ್ದರಿಂದ ಈ ಹಂತ ಬಿಡಬಾರದು. 5,000 ಕಿ.ಮೀ.ಗೆ ಎಡ ಟೈರ್ ಹೊರಗೆ 6.7, ನಡುವೆ 6.5, ಒಳಗೆ 6.2 ಮಿ.ಮೀ.; ಬಲದ್ದು 6.7, 6.5, 6.3. ಒಳಅಂಚು ಸಾವಿರ ಕಿ.ಮೀ.ಗೆ ಮುಂಚೆ 0.73 ಮಿ.ಮೀ. ಕರಗುತ್ತಿದ್ದದ್ದು ಈಗ ಎಡದಲ್ಲಿ 0.32. ಹೊರಅಂಚಿನ ಸವೆತ ಮುಂಚಿನಷ್ಟೇ. ಒಳಹೊರಗಿನ ನಡುವೆ ಉಳಿದ ಅರ್ಧ ಮಿಲಿಮೀಟರ್ ಮೈನಸ್ ಕ್ಯಾಂಬರ್‌ನ ಬೆಲೆ. ಅದನ್ನೂ ಕಳೆಯಬೇಕೆಂದರೆ ಕಾರು ಎತ್ತರವಾಗಬೇಕು.

ಪ್ರತಿ 5,000 ಕಿ.ಮೀ.ಗೆ ಚಕ್ರ ತೆಗೆದು ಒಳಅಂಚು ಅಳೆಯುವುದು, ಬಣ್ಣದ ಗೆರೆಗಳನ್ನು ನೋಡುವುದು. ದೊಡ್ಡ ಗುಂಡಿಗೆ ಬಿದ್ದು ಸ್ಟೀರಿಂಗ್ ನಡುಸ್ಥಾನ ಸರಿದರೆ ಅಷ್ಟು ದಿನ ಕಾಯದೆ ಹಿಂದಿನ ಚಕ್ರಗಳ ರೀಡಿಂಗ್ ತೆಗೆಸುವುದು. ಸ್ಪ್ರಿಂಗ್ ಅಥವಾ ಡ್ಯಾಂಪರ್‌ಗೆಂದು ಮುಂದೆ ಯಾರೇ ರಿಯರ್ ಲೋವರ್ ಲಿಂಕ್ ಇಳಿಸಿದರೂ, ಕಾರು ನಾಲ್ಕು ಚಕ್ರದ ಮೇಲೆ ನಿಂತಾಗ ಬೋಲ್ಟ್ ಬಿಗಿಯುವಂತೆ ಕೆಲಸದ ಚೀಟಿಯಲ್ಲೇ ಬರೆಸುವುದು.